ಮೊದಲ ನಡಾವಳಿಯ ಹಾಳೆ

ಅಡುಗೆ ಬರಹಗಾರರ ಸಂಘಕ್ಕೆ ಐವತ್ತು ತುಂಬಿತ್ತು. ಸಂಘದ ಚರಿತ್ರೆ ಅಚ್ಚಿಗೆ ಹೋಗಲು ಒಂದೇ ದಿನ ಬಾಕಿ ಇರುವಾಗ, ಅದರಲ್ಲಿ ಅಚ್ಚಾಗಬೇಕಿದ್ದ ಮೊದಲ ನಡಾವಳಿ ಪುಸ್ತಕದ ಮೊದಲ ಹಾಳೆಯೇ ಮಾಯವಾಯಿತು. ಪುಸ್ತಕ ವಾರದಿಂದ ಗ್ರಂಥಪಾಲಕಿಯ ಮೇಜಿನ ಮೇಲಿತ್ತು, ಅವಳ ಡ್ರಾಯರಿನಲ್ಲಿ ಬ್ಲೇಡೂ ಇತ್ತು. ಅನುಮಾನಕ್ಕೆ ಇನ್ನೇನು ಬೇಕು?

"ನಮ್ಮಪ್ಪ ಕೈಯಾರೆ ಬರೆದ ಹಾಳೆ ಅದು!" ಎಂದರು ಅಧ್ಯಕ್ಷೆ. ಸಂಘ ಕಟ್ಟಿದವರ ಮಗಳು ಅವರು. "ಸಂಜೆಯೊಳಗೆ ಸಿಗದಿದ್ರೆ ನಾಳೆಯಿಂದ ನೀವು ಬರೋದು ಬೇಡ."

ಹಾಳೆಯ ಮಸುಕು ಅಕ್ಷರಗಳನ್ನು ಗ್ರಂಥಪಾಲಕಿ ಇನ್ನೂ ಓದಿಯೂ ಇರಲಿಲ್ಲ. ಹನ್ನೊಂದು ವರ್ಷದ ಕೆಲಸ ಕಣ್ಣೆದುರೇ ಹೋಗುವುದರಲ್ಲಿತ್ತು. ಮೆಟ್ಟಿಲು ಹತ್ತಿ ಕರಡಜ್ಜನ ಬಾಗಿಲು ತಟ್ಟಿದಳು.

ಕರಡಜ್ಜ ಸಂಘದ ಪತ್ರಿಕೆಗೆ ಕರಡು ತಿದ್ದಿ ನಿವೃತ್ತರಾದವರು, ಮಹಡಿಯ ಕೋಣೆಯಲ್ಲೇ ವಾಸ. ಸಂಘದಲ್ಲಿ ಚಮಚ ಕಳೆದರೂ ಹುಡುಕಿಕೊಡುತ್ತಿದ್ದುದು ಅವರೇ. ಕೆಳಗಿಳಿದು ಬಂದು, ಹೊಲಿಗೆಯ ಬಳಿ ಉಳಿದಿದ್ದ ಅಂಚನ್ನು ಬೆರಳಿನಿಂದ ಸವರಿದರು.

"ಮುಟ್ಟಿ ನೋಡಮ್ಮ."

ಅಂಚು ಹತ್ತಿಯಂತೆ ಮೆತ್ತಗಿತ್ತು. ಅದರ ಕೆಳಗಿನ ಹಾಳೆಗೆ ಒಂದು ಗೀರೂ ಬಿದ್ದಿರಲಿಲ್ಲ, ಒಳಬದಿಯಲ್ಲಿ ಮಾತ್ರ ತುಸು ಸುಕ್ಕುಗಟ್ಟಿತ್ತು.

"ಬಾ, ಚಹಾ ಕುಡಿಯೋಣ."

"ನನ್ನ ಕೆಲಸ ಹೋಗ್ತಿದೆ, ನಿಮಗೆ ಚಹಾ ಚಿಂತೆನಾ ಅಜ್ಜ?"

"ಕುಡಿದ್ರೆ ಕೆಲಸ ಉಳಿಯುತ್ತೆ, ಬಾ."

ಇಬ್ಬರೂ ಸಂಘದ ಅಡುಗೆಮನೆಗೆ ಹೋದರು. ಇನ್ನೊಬ್ಬರು ಮಾಡಿ ನೋಡದ ಅಡುಗೆ ಅಚ್ಚಾಗಬಾರದು ಎಂಬುದು ಸಂಘದ ನಿಯಮ. ಹಾಗೆ ಮಾಡಿ ನೋಡುವವರು ಅಡುಗೆಮನೆಯ ದೊಡ್ಡಕ್ಕ. ಐವತ್ತು ವರ್ಷಗಳಿಂದ ಎಲ್ಲ ಬರಹಗಾರರ ತಪ್ಪುಗಳನ್ನೂ ಅವರೇ ಬೇಯಿಸಿ ತಿದ್ದಿದ್ದರು. ಗೋಡೆಯ ತುಂಬ ಹಳೆಯ ಪತ್ರಿಕೆಗಳಿಂದ ತೆಗೆದ ಹಾಳೆಗಳು. ದೊಡ್ಡಕ್ಕ ಚಹಾ ಸೋಸುವಷ್ಟರಲ್ಲಿ ಕರಡಜ್ಜ ಒಂದೊಂದರ ಅಂಚನ್ನೂ ಸವರುತ್ತ ಹೋದರು.

ನಾಲ್ಕು ಗಂಟೆಗೆ ಎಲ್ಲರೂ ಸಭಾಂಗಣದಲ್ಲಿ ಸೇರಿದರು.

"ಬ್ಲೇಡಾಗಿದ್ರೆ ಅಂಚು ಚೂಪಾಗಿರುತ್ತಿತ್ತು, ಕೆಳಗಿನ ಹಾಳೆಗೂ ಗಾಯ ಆಗುತ್ತಿತ್ತು," ಎಂದರು ಕರಡಜ್ಜ. "ಕೈಯಿಂದ ಎಳೆದಿದ್ರೆ ಹಲ್ಲುಹಲ್ಲಾಗಿ ಹರಿಯುತ್ತಿತ್ತು. ಇದು ಒದ್ದೆ ದಾರದ ಕೆಲಸ. ದಾರ ನೆನೆಸಿ ಹಾಳೆಯ ಬುಡಕ್ಕಿಟ್ಟು ಪುಸ್ತಕ ಮುಚ್ಚಬೇಕು. ಕಾಗದ ಮೆತ್ತಗಾಗಿ ಸದ್ದಿಲ್ಲದೆ ಕೈಗೆ ಬರುತ್ತೆ. ಆ ಸುಕ್ಕು ನೀರಿನದು. ಬೇರೆ ಹಾಳೆಗೆ ನೋವಾಗಬಾರದು ಅನ್ನೋರು ಹೀಗೆ ತೆಗೀತಾರೆ. ಅಡುಗೆಮನೆ ಗೋಡೆ ಮೇಲಿನ ಹಾಳೆಗಳದ್ದೂ ಇದೇ ಅಂಚು."

ದೊಡ್ಡಕ್ಕ ಎದ್ದು, ಸೆರಗಿನ ಮರೆಯಿಂದ ಹಾಳೆ ತೆಗೆದರು.

"ಈ ಹುಡುಗಿ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತಮ್ಮ," ಎಂದು ಗ್ರಂಥಪಾಲಕಿಯ ಕೈ ಹಿಡಿದರು. "ಚಹಾ ಕೊಡೋಕೆ ಬಂದಾಗ ಪುಸ್ತಕ ತೆರೆದಿತ್ತು. ಇದು ಅಚ್ಚಾದ್ರೆ ಜನ ಸಂಘ ಕಟ್ಟಿದ ಯಜಮಾನರನ್ನ ನೋಡಿ ನಗ್ತಾರೆ. ನನಗೆ ಅಕ್ಷರ ಕಲಿಸಿದವರು ಅವರು."

ಅಧ್ಯಕ್ಷೆ ಹಾಳೆಯನ್ನು ಗಟ್ಟಿಯಾಗಿ ಓದಿದರು.

"ನಾನು ಬರೆದಂತೆ ಮಾಡಿದ ಬ್ರೆಡ್ಡು ಮೂರು ಸಲ ಕಲ್ಲಾಯಿತು. ಮಾಡಿ ನೋಡಿದ ಹುಡುಗಿ ಅಳತೆ ತಿದ್ದಿದಳು, ನಾಲ್ಕನೆಯದು ಉಬ್ಬಿತು. ಇನ್ನೊಬ್ಬರು ಮಾಡಿ ನೋಡದ ಅಡುಗೆ ಅಚ್ಚಾಗಬಾರದೆಂಬ ನಿಯಮ ಅವಳಿಂದ ಬಂತು, ಸಂಘವೂ ಅವಳಿಂದಲೇ ಹುಟ್ಟಿತು. ಅವಳಿಗೆ ನಾವೆಲ್ಲ ಋಣಿಗಳು. ಅವಳು ಬರೆಯಲು ಕಲಿತು ಸಹಿ ಹಾಕುವವರೆಗೆ ಕೆಳಗಿನ ಜಾಗ ಖಾಲಿ ಇರಲಿ."

ಜಾಗ ಇನ್ನೂ ಖಾಲಿಯಿತ್ತು.

"ಅಪ್ಪ ಸಹಿ ಕೇಳಲಿಲ್ವಾ ಅಕ್ಕ?" ಎಂದರು ಅಧ್ಯಕ್ಷೆ.

"ವರ್ಷವರ್ಷ ಕೇಳ್ತಿದ್ರು. ನಾನು ಸಹಿ ಹಾಕಿದ್ರೆ ಅವರ ಬ್ರೆಡ್ಡು ಕೆಟ್ಟಿದ್ದು ನಿಜ ಅಂತ ಆಗುತ್ತಲ್ಲ."

"ಅವರೇ ಒಪ್ಪಿಕೊಂಡಿದ್ದಾರೆ, ನಾವ್ಯಾಕೆ ಮುಚ್ಚಿಡೋದು? ಚರಿತ್ರೆ ಈ ಹಾಳೆಯಿಂದಲೇ ಶುರುವಾಗಲಿ." ಅಧ್ಯಕ್ಷೆ ಗ್ರಂಥಪಾಲಕಿಯತ್ತ ತಿರುಗಿ ಕೈಮುಗಿದರು. "ನಿಮಗೆ ಅನ್ಯಾಯ ಮಾಡಿದೆ, ಕ್ಷಮಿಸಿ."

ಕರಡಜ್ಜನ ಬಗ್ಗೆ, ದೊಡ್ಡಕ್ಕನ ಬಗ್ಗೆ, ಎಂದೂ ಕಾಣದ ಆ ಯಜಮಾನರ ಬಗ್ಗೆಯೂ ಗ್ರಂಥಪಾಲಕಿಯ ಮನಸ್ಸು ಕೃತಜ್ಞತೆಯಿಂದ ತುಂಬಿಬಂದಿತ್ತು. ತನ್ನ ಪೆನ್ನನ್ನೇ ದೊಡ್ಡಕ್ಕನ ಕೈಗಿಟ್ಟಳು.

ದೊಡ್ಡಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಧಾನವಾಗಿ ಸಹಿ ಹಾಕಿದರು. ಸಂಘದ ಅರ್ಧ ಜನಕ್ಕೆ ಅವರ ನಿಜವಾದ ಹೆಸರು ತಿಳಿದದ್ದು ಅಂದೇ.