ಹೊಕ್ಕುಳಿಲ್ಲದ ಗೋಲಿ

"ಆ ಒರಟು ವಸ್ತು ನನ್ನ ರೇಷ್ಮೆ ಹತ್ರ ತರಬೇಡ್ರಿ."

ಮೊದಲ ಮಾತೇ ಬೈಗುಳವಾಯಿತಲ್ಲ ಎಂದು ಈಶ್ವರಮ್ಮನಿಗೆ ಆಮೇಲೆ ನಾಚಿಕೆಯಾಯಿತು. ಆದರೆ ಏನು ಮಾಡುವುದು... ಚಳ್ಳಕೆರೆಯಿಂದ ನೂಲು ತಂದ ಯರ್ರಪ್ಪ ಮೂಟೆ ಇಳಿಸಲು ಬಗ್ಗಿದಾಗ, ಅವನ ಸೊಂಟದ ಸಂಚಿಯಿಂದ ಗಾಜಿನ ಗೋಲಿಯೊಂದು ಜಾರಿ ಅವಳ ರಾಟೆಯ ಬುಟ್ಟಿಗೆ ಬಿದ್ದಿತ್ತು. ಎತ್ತಿದರೆ ಒಂದೆಳೆ ರೇಷ್ಮೆಯೂ ಸಿಕ್ಕಿಕೊಂಡು ಮೇಲೆ ಬಂತು.

"ಒರಟಲ್ಲ, ಅದು ಹೊಕ್ಕುಳು," ಎಂದ ಅವನು. "ಜರ್ಮನಿ ಗೋಲಿ. ಬಣ್ಣದ ಗಾಜಿನ ಕೋಲಿಂದ ಕೈಯಾಗೇ ಕತ್ತರಿಸ್ತಾರಂತೆ. ಕತ್ತರಿಸಿದ ಕಡೆ ಈ ಗುರುತು ಉಳ್ಕೊಂತೈತೆ. ಸೋಡಾ ಶೀಸೆ ಗೋಲಿ ಹಂಗಲ್ಲ, ನುಣ್ಣಗಿರ್ತೈತೆ. ಕಣ್ಣು ಕಟ್ಟಿ ಕೊಟ್ರೂ ಹೆಬ್ಬೆರಳಾಗೇ ಹೇಳ್ತೀನಿ."

ಮಗ್ಗದ ಗುಂಡಿಯಿಂದ ಅವಳ ತಂದೆ ಸೂರಪ್ಪ ನಕ್ಕ. "ಮೀಸೆ ಬಂದ್ರೂ ಗೋಲಿ ಬಿಟ್ಟಿಲ್ಲ ನೋಡು ಇವನು."

"ಆಡೋಕಲ್ಲ ಮಾವ, ಕೂಡಿಡೋಕೆ."

ಅದು ಸಾವಿರದ ಒಂಬೈನೂರ ಎಂಟನೆಯ ಇಸವಿ. ಈಶ್ವರಮ್ಮನಿಗೆ ಇಪ್ಪತ್ತು ತುಂಬಿತ್ತು. ತಾಯಿಯಿಲ್ಲದ ಮನೆ; ಮಗಳನ್ನು ಕಳಿಸಲು ಮನಸ್ಸಾಗದೆ ಸೂರಪ್ಪ ಮದುವೆಯನ್ನು ಮುಂದೂಡುತ್ತಲೇ ಬಂದಿದ್ದ.

ಯರ್ರಪ್ಪ ಅವರದೇ ಕುಲದವನು. ತಿಂಗಳಿಗೊಮ್ಮೆ ಮೊಳಕಾಲ್ಮೂರಿಗೆ ಬರುತ್ತಿದ್ದವನು ಆಮೇಲೆ ವಾರಕ್ಕೊಮ್ಮೆ ಬರತೊಡಗಿದ. ಒಂದು ದಿನ ಬಾವಿಯ ಬಳಿ ಅವಳ ಅಂಗೈಗೆ ಎರಡು ಗೋಲಿ ಇಟ್ಟ. ಒಂದು ಹೊಕ್ಕುಳಿದ್ದದ್ದು. ಇನ್ನೊಂದು ಸೋಡಾ ಗೋಲಿ.

"ಸುಗ್ಗಿ ಕಳೆದ ಮೇಲೆ ಅವ್ವನ್ನ ಕರ್ಕೊಂಡು ಬರ್ತೀನಿ. ಹಿರಿಯರ ಮುಂದೆ ನೀನು ಬಾಯಿ ಬಿಡೋದು ಬೇಡ. ವೀಳ್ಯದೆಲೆ ಕೊಡುವಾಗ ಅದರ ಕೆಳಗೆ ಒಂದು ಗೋಲಿ ಇಡು. ಒಪ್ಪಿಗೆ ಇದ್ರೆ ಜರ್ಮನಿದು. ಇಲ್ಲಾಂದ್ರೆ ಸೋಡಾದ್ದು. ನಾನು ಸುಮ್ನೆ ಎದ್ದು ಹೋಗ್ತೀನಿ."

ಆಮೇಲೆ ಮೆಲ್ಲಗೆ ಹೇಳಿದ. "ಜರ್ಮನಿ ಗೋಲಿಗೆ ಜೋಡಿ ನನ್ನ ಹತ್ರ ಐತೆ. ಒಂದೇ ಕೋಲಿನಾಗೆ ಅಕ್ಕಪಕ್ಕ ಕತ್ತರಿಸಿದ್ದು. ಎರಡರಾಗೂ ಬಿಳಿ ಎಳೆ ಅರ್ಧಕ್ಕೇ ತುಂಡಾಗೈತೆ ನೋಡು."

ಅವಳು ಅದನ್ನು ಎಲ್ಲಿಡಬೇಕು? ಮನೆಯಲ್ಲಿ ಅವಳದೆಂದು ಇದ್ದದ್ದು ರೇಷ್ಮೆಯ ಬುಟ್ಟಿ ಒಂದೇ. ನೇಯುವವರ ಮನೆಯಲ್ಲಿ ರೇಷ್ಮೆಯ ಹತ್ತಿರ ಒರಟಾದದ್ದೇನೂ ಸುಳಿಯುವಂತಿಲ್ಲ. ಹೆಂಗಸರು ಬೆರಳ ತುದಿಯನ್ನೂ ಹಂಚಿಗೆ ತಿಕ್ಕಿ ನುಣುಪು ಮಾಡಿಕೊಂಡೇ ನೂಲು ಮುಟ್ಟುತ್ತಿದ್ದರು.

ದಿನವೂ ದೀಪ ಹಚ್ಚಿದ ಮೇಲೆ ತಂದೆ ಪದ್ಯ ಹೇಳಿಕೊಳ್ಳುತ್ತಿದ್ದರೆ, ಈಶ್ವರಮ್ಮ ಒದ್ದೆ ಕಲ್ಲಿನ ಮೇಲೆ ಆ ಗೋಲಿಯನ್ನು ತಿಕ್ಕುತ್ತ ಕೂರುತ್ತಿದ್ದಳು. ಮೊದಲು ಕಲ್ಲು, ಆಮೇಲೆ ಬೂದಿ, ಕೊನೆಗೆ ರೇಷ್ಮೆಯ ಚಿಂದಿ. ಸುಗ್ಗಿ ಮುಗಿಯುವ ಹೊತ್ತಿಗೆ ಗೋಲಿ ಬೆಣ್ಣೆಯಂತಾಗಿತ್ತು.

'ಇನ್ನು ನೀನು ನನ್ನ ನೂಲಿನೊಳಗೇ ಇರಬಹುದು...' ಎಂದುಕೊಂಡಳು.

ಪಾಪ, ಅವನ ಹೆಬ್ಬೆರಳು ಹುಡುಕುವುದು ಆ ಗುರುತನ್ನೇ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಹೇಳಿದಂತೆ ಅವರು ಬಂದರು. ಜಗಲಿಯ ಮೇಲೆ ಹಿರಿಯರು. ಅವನ ತಾಯಿ ಲಕ್ಷ್ಮಕ್ಕ ಹುಡುಗಿಯನ್ನು ಕಂಡು ಆಗಲೇ ನಗುತ್ತಿದ್ದಳು. ಈಶ್ವರಮ್ಮ ತಲೆ ತಗ್ಗಿಸಿ ಎಲೆ ಕೊಟ್ಟಳು.

ಎಲೆಯ ಕೆಳಗೆ ಅವನ ಹೆಬ್ಬೆರಳು ಒಂದು ಸುತ್ತು ಸುತ್ತಿತು. ಮತ್ತೊಂದು ಸುತ್ತು.

ನುಣುಪು... ಬರೀ ನುಣುಪು.

ಅವನು ಎಲೆ ಸರಿಸಿ ನೋಡಲಿಲ್ಲ. ಗೋಲಿಯನ್ನು ಎಲೆಯಲ್ಲೇ ಮುಚ್ಚಿ ತಟ್ಟೆಗೆ ಹಾಕಿದ.

"ನಡಿಯವ್ವ, ಹೋಗಣ."

"ಯಾಕೋ ಲೇ? ಏನಾತೋ?"

ಅವನು ಆಗಲೇ ಬೀದಿಗಿಳಿದಿದ್ದ.

ವೀಳ್ಯ ತಿರುಗಿ ಬಂದ ಹುಡುಗಿಯನ್ನು ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ನನ್ನಲ್ಲೇನು ಕಂಡಿತು ಅವರಿಗೆ? ನುಂಕೆಮಲೆ ಸಿದ್ದೇಶ್ವರನ ಮುಂದೆ ನಿಂತು ಅವಳು ಕೇಳಿದ್ದು ಏಳು ವರ್ಷವೂ ಅದೊಂದೇ.

ಸೂರಪ್ಪ ತೀರಿಕೊಂಡ ವರ್ಷ, ಸೀರೆ ಮಾರಲು ಹೊರಟ ನೆರೆಯವರ ಗಾಡಿ ಹತ್ತಿ ಅವಳು ಚಳ್ಳಕೆರೆಗೆ ಬಂದಳು. ಯುದ್ಧ ಶುರುವಾಗಿ ಜರ್ಮನಿ ಗೋಲಿ ಬರುವುದು ನಿಂತಿತ್ತು. ಅಸಲಿ ಯಾವುದು, ಅಲ್ಲದ್ದು ಯಾವುದು ಎಂದು ಬಳ್ಳಾರಿಯವರೂ ಯರ್ರಪ್ಪನ ನೂಲಿನ ಅಂಗಡಿಗೆ ಬಂದು ಕೇಳುತ್ತಿದ್ದರು.

ಈಶ್ವರಮ್ಮ ಗೋಲಿಯನ್ನು ಅವನ ಮುಂದಿಟ್ಟಳು. ಅವನ ಕಿವಿಯ ಬಳಿ ನರೆ ಬಂದಿತ್ತು.

"ನಿಮ್ಮ ವಸ್ತು ಕೊಟ್ಟು ಹೋಗೋಣ ಅಂತ ಬಂದೆ. ನನ್ನಾಗೆ ಏನು ಐಬಿತ್ತು, ಅಷ್ಟು ಹೇಳ್ರಿ ಸಾಕು."

ಅವನ ಹೆಬ್ಬೆರಳು ತಾನಾಗಿ ಗೋಲಿಯ ಮೇಲೆ ಹರಿಯಿತು.

"ಇದು ನಾನು ಕೊಟ್ಟ ಸೋಡಾ ಗೋಲಿ. ನೀನೇ ತಾನೇ ಬೇಡ ಅಂದಿದ್ದು..."

"ಸೋಡಾ ಗೋಲಿನಾ? ಅದನ್ನ ನೀವು ಕೊಟ್ಟು ಬೀದಿ ತಿರುಗೋದ್ರೊಳಗೇ ಬಾವಿಗೆ ಹಾಕಿದ್ದೆ."

ಅವನು ತಟ್ಟನೆ ಎದ್ದ. ಗೋಲಿಯನ್ನು ಬಿಸಿಲಿಗೆ ಹಿಡಿದ. ಒಳಗೆ ನೀಲಿ ಎಳೆಗಳು, ಅರ್ಧಕ್ಕೇ ತುಂಡಾದ ಬಿಳಿ ಎಳೆ. ಒಂದು ಕಡೆ ತಿಕ್ಕಿದ ಸಣ್ಣ ಮಬ್ಬು.

"ಇದರ ಹೊಕ್ಕುಳು...?"

"ರೇಷ್ಮೆಗೆ ಸಿಕ್ಕಿಕೊಂತಿತ್ತು. ಮೂರು ತಿಂಗಳು ತಿಕ್ಕಿದೆ. ನೂಲಿನಾಗೇ ಇಟ್ಕೊಬೇಕು ಅನ್ನಿಸ್ತು."

ಯರ್ರಪ್ಪ ಗೋಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

"ಊರಿನ ಗೋಲಿಯೆಲ್ಲ ಬೆಳಕಿಗೆ ಹಿಡಿದು ನೋಡಿದೆ. ಇದೊಂದನ್ನ ನೋಡಲಿಲ್ಲ... ಏಳು ವರ್ಷ ಈಶ್ವರಿ."

"ನಾನೂ ಬೀದಿಗೆ ಬಂದು ಒಂದು ಮಾತು ಕೇಳಬಹುದಿತ್ತು," ಎಂದಳು ಅವಳು. ಕಣ್ಣು ತುಂಬಿ ಅವನ ಮುಖ ಕಲಸಿಹೋಯಿತು.

ಅಂಗಡಿಯ ಹಿಂದಿನ ಮನೆಯಿಂದ ಲಕ್ಷ್ಮಕ್ಕನ ದನಿ ಕೇಳಿತು. "ನನ್ನ ಕೈಲಿ ಏಳು ವರ್ಷ ಹೆಣ್ಣು ಹುಡುಕ್ಸಿ, ಎಲ್ಲಾ ಬೇಡ ಅಂದು, ಈಗ ಗೋಲಿ ಹಿಡ್ಕೊಂಡು ನಿಂತವ್ನೆ. ಅವಳನ್ನ ಒಳಗೆ ಕರಿಯೋ ಲೇ."

ಯರ್ರಪ್ಪ ಸಂಚಿ ಬಿಚ್ಚಿ ತನ್ನ ಗೋಲಿಯನ್ನು ಅವಳದರ ಪಕ್ಕಕ್ಕಿಟ್ಟ. ಅದರ ಹೊಕ್ಕುಳು ಹಾಗೆಯೇ ಇತ್ತು. ಈಶ್ವರಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದನ್ನೂ ತಿಕ್ಕಿ ಕೊಡಲಾ? ಜೋಡಿ ಸರಿಹೋಗ್ತೈತೆ."

"ಬೇಡ. ಇದು ಹಿಂಗೇ ಇರ್ಲಿ."

"ನನ್ನ ರೇಷ್ಮೆಗೆ ಸಿಕ್ಕಿಕೊಂಡ್ರೆ?"

"ಸಿಕ್ಕಿಕೊಳ್ಲಿ... ಈ ಸಲ ಬಿಡಿಸೋಕೆ ಹೋಗಬೇಡ."