ತೀರಿಹೋದವರಿಗೆ ಎರಡು ವೋಟು

ನಾನು ಪ್ರೇಮಕಥೆ ಹೇಳಲು ಕೂತರೆ ಬೀದಿದೀಪದ ಕಂಬಗಳು ಬಗ್ಗಿ ಕೇಳುತ್ತವೆ. ಒಮ್ಮೆ ಅರ್ಧಕ್ಕೇ ನಿಲ್ಲಿಸಿದೆನೆಂದು ಎರಡು ಕಂಬಗಳು ಮನೆಯವರೆಗೂ ಹಿಂದೆ ಬಂದಿದ್ದವು. ಈ ಕಥೆಯಲ್ಲಂತೂ ಕೂದಲೆಳೆಯಷ್ಟೂ ಸುಳ್ಳಿಲ್ಲ.

ಒಬ್ಬ ಪೇಂಟರ್ ಇದ್ದ. ಬೋರ್ಡು ಬರೆಯುವುದರಲ್ಲಿ ಅವನಿಗೆ ಸಾಟಿಯಿಲ್ಲ. ಅವನು ಬರೆದ ಹಣ್ಣಿಗೆ ನೊಣಗಳು ಮುತ್ತುತ್ತಿದ್ದವು. ಕನ್ನಡಕದಂಗಡಿಯ ಹುಡುಗಿಯೆದುರು ಮಾತ್ರ ಅವನ ಬಾಯಿಗೆ ಬೀಗ. ಕಣ್ಣು ನೆಟ್ಟಗಿದ್ದರೂ ವಾರಕ್ಕೆರಡು ಸಲ ಪರೀಕ್ಷೆಗೆ ಹೋಗುತ್ತಿದ್ದ. ಅವಳು ಅವನ ಮೂಗಿನ ಮೇಲೆ ಖಾಲಿ ಫ್ರೇಮು ಕೂರಿಸಿ, ಬೇಕೆಂದೇ ತುಸು ಹೆಚ್ಚು ಹೊತ್ತು ನೋಡುವಳು.

"ಏನ್ ಕಾಣ್ತಿದೆ?"

"ನೀವು."

"ಅಕ್ಷರ ಓದಿ ಅಂದೆ."

ಅಂಗಡಿ ಅವಳಪ್ಪನದು; ಅವರು ಒಂದು ಚಿಕ್ಕ ಪಕ್ಷದ ಅಭ್ಯರ್ಥಿ. ಬೀದಿಯ ಬಿಸಿಲು ಮುಚ್ಚುವಷ್ಟು ಎತ್ತರಕ್ಕೆ ಯಾರೂ ಕಟ್ಟಬಾರದು ಎನ್ನುವುದೊಂದೇ ಅವರ ಬೇಡಿಕೆ. ಮತಪತ್ರ ಅಚ್ಚಾದ ಮೇಲೆ, ಚುನಾವಣೆಗೆ ಒಂಬತ್ತು ದಿನವಿದ್ದಾಗ ತೀರಿಕೊಂಡರು. ಹೆಸರು ಮಾತ್ರ ಹಾಳೆಯಲ್ಲಿ ಉಳಿಯಿತು.

ಅಂದಿನಿಂದ ಅಂಗಡಿಯಲ್ಲಿ ಏನೋ ಸರಿಯಿರಲಿಲ್ಲ. ಬೆಳಿಗ್ಗೆ ಷಟರ್ ಎತ್ತಿದರೆ ಗೋಡೆಯ ಕನ್ನಡಕಗಳೆಲ್ಲ ಅವರ ಖಾಲಿ ಕುರ್ಚಿಯತ್ತ ತಿರುಗಿರುತ್ತಿದ್ದವು. ಅವರದೇ ಕನ್ನಡಕದ ಗಾಜು, ಯಾರೋ ಈಗತಾನೇ ಉಸಿರು ಬಿಟ್ಟಂತೆ ಮಬ್ಬು. ಅವಳು ಒರೆಸುವಳು, ಮತ್ತೆ ಮಬ್ಬು.

ದೊಡ್ಡ ಪಕ್ಷಗಳು ಎರಡು. ಒಂದು ಗೆದ್ದರೆ ಎತ್ತರದ ಕಟ್ಟಡಗಳಿಗಾಗಿ ಬೀದಿ ಕೆಡವುವುದು ಖಂಡಿತ. ಇನ್ನೊಂದು ಬಿಟ್ಟರೂ ಬಿಡಬಹುದು. ತೀರಿಹೋದವರಿಗೆ ವೋಟು ಹಾಕಿ ಇದ್ದ ಅಂಗಡಿ ಕಳೆದುಕೊಳ್ಳಬೇಡವೆಂದು ಚಿಕ್ಕಪ್ಪನಾದಿಯಾಗಿ ಎಲ್ಲರೂ ಅವಳಿಗೆ ಬುದ್ಧಿ ಹೇಳಿದರು. ಅವಳು ಬಂದದ್ದು ಪೇಂಟರನ ಬಳಿಗೆ.

"ಒಂದೂ ವೋಟು ಬೀಳದಿದ್ರೆ ಅಪ್ಪ ಇದ್ದದ್ದೇ ಸುಳ್ಳು ಅನ್ಸುತ್ತೆ. ನೀವು ಹಾಕ್ತೀರಾ?"

"ಹಾಕ್ತೀನಿ."

ಮಧ್ಯಾಹ್ನದ ಮತಗಟ್ಟೆ ಬಿಕೋ ಎನ್ನುತ್ತಿತ್ತು. ಪರದೆಯ ಹಿಂದೆ ಠಸ್ಸೆ ಎತ್ತಿಕೊಂಡಾಗ ಕಿವಿಯ ಪಕ್ಕದಲ್ಲೇ ಅವಳಪ್ಪನ ಕೆಮ್ಮು. ತಿರುಗಿದರೆ ಯಾರೂ ಇಲ್ಲ. ಅವನು ಎದೆಯುಬ್ಬಿಸಿ ಅವರ ಹೆಸರಿನ ಮುಂದೆ ಒತ್ತಿದ.

ಆ ಮತಗಟ್ಟೆಯಲ್ಲಿ ಅವರಿಗೆ ಬಿದ್ದದ್ದು ಎರಡು ವೋಟು. ಫಲಿತಾಂಶದ ಹಾಳೆ ಅಂಟಿಸಿದ ಗೋಡೆಯ ಮುಂದೆ, ಅಷ್ಟು ಜನರೆದುರಿಗೇ ಅವಳು ಪೇಂಟರನ ಬಣ್ಣ ಮೆತ್ತಿದ ಕೈ ಹಿಡಿದುಕೊಂಡಳು. ಬೀದಿಯೂ ಉಳಿಯಿತು, ಮದುವೆಯೂ ಆಯಿತು.

ಇಷ್ಟು ಬರೆದು ಹೆಂಡತಿಗೆ ಓದಿದೆ. ಹೌದು, ಆ ಪೇಂಟರ್ ನಾನೇ.

ಅವಳು ಕೈಕೆಲಸ ನಿಲ್ಲಿಸದೆ ಕೇಳಿದಳು: "ಅಪ್ಪನ ಹೆಸರು ಎಲ್ಲಿತ್ತು, ಮೇಲೋ ಕೆಳಗೋ?"

"ಮೇಲೆ. ಎರಡನೇದು."

"ಕಟ್ಟಕಡೆಗಿತ್ತು ಕಣ್ರೀ."

ಅಷ್ಟು ಕೆಳಗೆ ನಾನು ಕಣ್ಣೇ ಹಾಯಿಸಿರಲಿಲ್ಲ. ಒಪ್ಪಿಕೊಂಡೆ: ಅವಳ ಅಂಗಡಿ ಉಳಿಯಲೆಂದು ದೊಡ್ಡ ಪಕ್ಷಕ್ಕೇ ಒತ್ತಿದ್ದೆ, ಯಾರದೋ ವೋಟಿನ ಪುಣ್ಯದಲ್ಲಿ ಇಷ್ಟು ವರ್ಷ ಗಂಡನಾಗಿ ಮೆರೆದಿದ್ದೆ.

ಅವಳು ಕೈಕೆಲಸ ಬದಿಗಿಟ್ಟಳು. ಆಮೇಲೆ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಯಾರಿಗೋ ಕೇಳಿಸಬಾರದೆಂಬಂತೆ ಮೆಲ್ಲಗೆ ಹೇಳಿದಳು:

"ನಾನೂ ಅಪ್ಪನಿಗೆ ಹಾಕ್ಲಿಲ್ಲ ರೀ."