ತಾರಾಲಯದ ಸಮಾಧಾನ ದ್ವಾರ

ದ್ವಾರದ ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ಕೆಮ್ಮುತ್ತಿದ್ದ ಹಿರಿಯರೊಬ್ಬರು ಹಿಂದೆ ಸರಿದರು. ಅವರ ಬೆನ್ನಿಗೇ ನಿಂತಿದ್ದ ಒಂಬತ್ತು ವರ್ಷದ ಇಂಚರಳಿಗೂ ಕೆಂಪು ದೀಪವೇ. ತಾಯಿ ಮಂದಾಕಿನಿಗೆ ಮಾತ್ರ ಹಸಿರು. ಮಗಳನ್ನು ಹೊರಗೆ ನಿಲ್ಲಿಸಿ ತಾಯಿ ಒಳಗೆ ಹೋಗಿ ನಕ್ಷತ್ರ ನೋಡಬಹುದೆಂಬುದು ಯಂತ್ರದ ಉದಾರ ಅಭಿಪ್ರಾಯವಾಗಿತ್ತು.

ಧಾರವಾಡದ ಹೊಸ ತಾರಾಲಯಕ್ಕೆಂದೇ ಡಾ. ವಾದಿರಾಜ ಕಟಗೇರಿಯವರು ಈ ಸಮಾಧಾನ ದ್ವಾರವನ್ನು ನಿರ್ಮಿಸಿದ್ದರು. ಬಂದವರ ಮಿದುಳಿನ ಅಲೆಗಳನ್ನು ಓದಿ, ಒಳಗೆ ಕುಳಿತವರ ನೆಮ್ಮದಿಯನ್ನು ಅವರು ಎಷ್ಟು ಕೆಡಿಸಬಲ್ಲರೆಂದು ಅದು ಮೊದಲೇ ಲೆಕ್ಕ ಹಾಕುತ್ತಿತ್ತು. ಈ ಸಂಖ್ಯೆಗೆ ಅವರು 'ಭಂಗಾಂಕ' ಎಂದು ಹೆಸರಿಟ್ಟಿದ್ದರು. ಒಳಗಿರುವವರ ಸ್ವಭಾವವನ್ನೂ ದ್ವಾರ ಓದುತ್ತಿತ್ತು. ಕೆಲವರಿಗೆ ಪಿಸುಮಾತೂ ಆಗದು, ಕೆಲವರು ಡೊಳ್ಳು ಬಾರಿಸಿದರೂ ಏಳುವುದಿಲ್ಲ. ಒಳಗಿರುವವರಿಗೆ ಒಗ್ಗದವರಿಗೆ ಕೆಂಪು ದೀಪ.

ಇಂಚರ ಆಟಿಸಂ ಇರುವ ಹುಡುಗಿ. ಸಂತೋಷವಾದರೆ ಗುಂಯ್‌ಗುಡುತ್ತ ಕೈಗಳನ್ನು ಪಟಪಟನೆ ಆಡಿಸುತ್ತಾಳೆ. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿ ಕೂಗುತ್ತಾಳೆ. ಊರಿನವರೆಲ್ಲ ಶನಿಯ ಕಣ್ಣು ತಮ್ಮ ಮೇಲೆ ಬೀಳದಿರಲೆಂದು ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದರೆ, ಇವಳೊಬ್ಬಳಿಗೆ ಶನಿಯನ್ನು ನೋಡುವ ಹಂಬಲ. ಅದರ ಚಂದ್ರರ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ಆ ಗ್ರಹವನ್ನು ದೊಡ್ಡದಾಗಿ, ಬಳೆಯ ಸಮೇತ ತೋರಿಸಿಯೇ ತೀರಬೇಕೆಂದು ಮಂದಾಕಿನಿ ಹಟ ತೊಟ್ಟಿದ್ದಳು. ಮೃಗಾಲಯ, ಸರ್ಕಸ್ಸು, ಬೊಂಬೆಮನೆ ಎಲ್ಲ ಕಡೆಯಿಂದಲೂ ಅರ್ಧಕ್ಕೇ ಎದ್ದು ಬಂದವಳಿಗೆ ಇದೊಂದಾದರೂ ಆಗಬೇಕಿತ್ತು.

ಅವಳು ನೇರವಾಗಿ ಕಟಗೇರಿಯವರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಕುರ್ಚಿ ಕೊಟ್ಟು, ನೀರು ತರಿಸಿ, ಭಂಗಾಂಕದ ಸೂತ್ರವನ್ನು ಪೂರ್ತಿ ವಿವರಿಸಿದರು. ಕೊನೆಗೆ, "ಇದು ಆಕೀ ಒಳ್ಳೇದಕ್ಕೂ ಹೌದ್ರಿ. ಒಳಗ ಹೋಗಿ ತ್ರಾಸ ಪಡೋದಕ್ಕಿಂತ ಹೊರಗ ಆರಾಮ ಇರೋದು ಛಲೋ ಅಲ್ರಿ?" ಎಂದರು.

"ಇಷ್ಟು ವರ್ಷ ಎಲ್ಲಾರೂ ಆಕೀ ಒಳ್ಳೇದಕ್ಕ ಬಾಗಲಾ ಹಾಕ್ಯಾರ್ರಿ. ಒಬ್ಬರಾದ್ರೂ ಕೆಟ್ಟದ್ದಕ್ಕ ಒಳಗ ಬಿಡ್ರಿ," ಎಂದಳು ಮಂದಾಕಿನಿ.

ಕಟಗೇರಿಯವರು ಮೇಜಿನ ಖಾನೆ ತೆರೆದರು. ಸಮಾಧಾನಕ್ಕೆಂದು ಉದ್ಘಾಟನೆಯ ಆಮಂತ್ರಣ ಪತ್ರಿಕೆಯೊಂದನ್ನು ಇಂಚರಳ ಕೈಗಿತ್ತು, ಆ ದಿನ ಬಂದು ಹೊರಗಿನ ಪೆಂಡಾಲಿನಲ್ಲಿ ಕೂತು ಪೇಡೆ ತಿಂದು ಹೋಗಿರೆಂದರು. ತಾರಾಲಯ ತೆರೆದು ತಿಂಗಳಾಗಿದ್ದರೂ ಉದ್ಘಾಟನೆ ಬಾಕಿಯಿತ್ತು, ಮಂತ್ರಿಗಳ ದಿನಾಂಕ ಈಗಷ್ಟೇ ಸಿಕ್ಕಿತ್ತು.

ಪತ್ರಿಕೆಯಲ್ಲಿ 'ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ' ಎಂದು ಅಚ್ಚಾಗಿತ್ತು. ಇಂಥ ಹತ್ತು ಗಂಟೆ ಎಷ್ಟು ಹೊತ್ತಿಗೆ ಆಗುತ್ತದೆಂಬುದು ನಮ್ಮಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಗೊತ್ತಿಲ್ಲದವಳು ಇಂಚರ ಒಬ್ಬಳೇ. ಅಚ್ಚಾದದ್ದು ನಡೆಯದಿದ್ದರೆ ಅವಳಿಗೆ ಜಗತ್ತೇ ತಲೆಕೆಳಗಾಗುತ್ತದೆ. ಹೀಗಾಗಿ ಉದ್ಘಾಟನೆಯ ದಿನ ಹತ್ತಕ್ಕೆ ತಾಯಿ ಮಗಳು ಅಲ್ಲಿದ್ದರು. ಪೆಂಡಾಲಿನಲ್ಲಿ ಚೆಂಡುಹೂ ಕಟ್ಟುವವನೊಬ್ಬ, ಕುರ್ಚಿಯ ಕೆಳಗೆ ಒಂದು ನಾಯಿ, ಅಷ್ಟೇ.

ಮಗಳು ಕೈ ಹಿಡಿದು ಎಳೆದಳು. ಇಬ್ಬರೂ ಒಟ್ಟಿಗೇ ದ್ವಾರ ದಾಟಿದರು, ದೀಪ ಹಸಿರಾಯಿತು. ಒಳಗೆ ಯಾರೂ ಇರಲಿಲ್ಲ. ಇಲ್ಲದವರ ನೆಮ್ಮದಿಯನ್ನು ಕೆಡಿಸುವುದು ಹೇಗೆ? ಗುಮ್ಮಟದ ನಡುವಿನ ಕುರ್ಚಿಯಲ್ಲಿ ಇಂಚರ ಕುಳಿತಳು. ಪರೀಕ್ಷೆಗೆಂದು ಹಾಕಿದ್ದ ನಕ್ಷತ್ರಗಳನ್ನು ನೋಡುತ್ತ ಮೆಲ್ಲಗೆ ಗುಂಯ್‌ಗುಡತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಬ್ಯಾಂಡಿನ ಸಮೇತ ಮಂತ್ರಿಗಳು ಆಗಮಿಸಿದರು. ದ್ವಾರ ಅವರಿಗೆ ಕೆಂಪು ದೀಪ ತೋರಿಸಿ, ತೆರೆಯ ಮೇಲೆ ಕಾರಣವನ್ನೂ ಬರೆಯಿತು: 'ಭಾಷಣ ಮಾಡುವ ಸಾಧ್ಯತೆ ತೀವ್ರ.' ಹಿಂಬಾಲಕರಿಗೆ ಮೊಬೈಲಿನ ಕಾರಣ, ಸ್ವಾಗತ ಸಮಿತಿಯ ಅಧ್ಯಕ್ಷರಿಗೆ ಅತ್ತರಿನ ಕಾರಣ. ಬ್ಯಾಂಡಿನವರಿಗೆ ಕಾರಣ ಬರೆಯುವ ಗೋಜಿಗೇ ಅದು ಹೋಗಲಿಲ್ಲ. ಎದೆ ಢವಗುಟ್ಟುತ್ತಿದ್ದ ಕಟಗೇರಿಯವರಿಗೂ ಕೆಂಪೇ. ಅವರು ಯಂತ್ರವನ್ನು ತೆರೆದು ನೋಡಿ ಹೌಹಾರಿದರು. ಒಳಗಿರುವುದು ತಾಯಿ ಮಗಳು ಇಬ್ಬರೇ, ಇಡೀ ಧಾರವಾಡವನ್ನು ಅದು ಅವರಲ್ಲಿ ಹೆಚ್ಚು ಸೂಕ್ಷ್ಮಳಾದ ಹುಡುಗಿಯ ನೆಮ್ಮದಿಯಿಂದ ಅಳೆಯುತ್ತಿದೆ.

ಮಗುವನ್ನು ಹೊರಗೆ ಕರೆತನ್ನಿ ಎಂದು ಅಧ್ಯಕ್ಷರು ಗುಡುಗಿದರು. ಸದ್ದು ಕೇಳಿ ಮಂದಾಕಿನಿ ತಾನೇ ಹೊರಗೆ ಬಂದಳು. ಕರೆತರುವುದಿಲ್ಲ ಎಂದಳು. ಎಲ್ಲರೂ ಕಟಗೇರಿಯವರ ಮುಖ ನೋಡಿದರು.

"ಯಂತ್ರ ಕೆಟ್ಟಿಲ್ರಿ," ಎಂದರು ಅವರು ತಗ್ಗಿದ ದನಿಯಲ್ಲಿ. "ಇಷ್ಟು ದಿನ ಆ ಹುಡುಗಿಗೆ ನಾವು ಮಾಡಿದ್ದನ್ನ ಇವತ್ತು ಅದು ನಮಗ ಮಾಡಾಕತ್ತದ."

ಮಂತ್ರಿಗಳು ಗಡಿಯಾರ ನೋಡಿಕೊಂಡರು. ಊಟದ ಹೊತ್ತು ಮೀರಿ ಅವರಿಗೂ ಹಸಿವಾಗಿತ್ತೆಂದು ಕಾಣುತ್ತದೆ. ಹಾರ ತೆಗೆದರು, ಮೊಬೈಲು ಕೊಟ್ಟರು, ಭಾಷಣದ ಹಾಳೆಗಳನ್ನು ಕುರ್ಚಿಯ ಮೇಲಿಟ್ಟರು. ದೀಪ ಹಸಿರಾಯಿತು. ಅವರ ಹಿಂದೆ ಒಬ್ಬೊಬ್ಬರಾಗಿ, ಮೊಬೈಲು ಹೊರಗಿಟ್ಟು, ಅತ್ತರು ತೊಳೆದುಕೊಂಡು, ಚಪ್ಪಲಿ ಸದ್ದೂ ಆಗದಂತೆ, ಊರಿನ ಗಣ್ಯರು ಒಳಗೆ ನಡೆದರು. ಭಾಷಣವಿಲ್ಲದ ಮೊದಲ ಉದ್ಘಾಟನೆ ಹೀಗೆ ನೆರವೇರಿತು.

ಎಲ್ಲರೂ ಹೋದ ಮೇಲೆ ಮಂದಾಕಿನಿ ದ್ವಾರಕ್ಕೆ ಕಾಲಿಟ್ಟಳು. ಕೆಂಪು.

ಅವಳು ಹಿಂದೆ ಸರಿದು ಮತ್ತೆ ಹೋದಳು. ಮತ್ತೆ ಕೆಂಪು. ತೆರೆಯ ಮೇಲೆ ಬರೆದಿತ್ತು: 'ಪದೇ ಪದೇ ಶ್ ಎನ್ನುವ ಸಾಧ್ಯತೆ ತೀವ್ರ.'

ಮೊದಲು ಸಿಟ್ಟು ಬಂತು, ಆಮೇಲೆ ಅಳು. ಮಗಳು ಗುಂಯ್‌ಗುಟ್ಟಿದಾಗಲೆಲ್ಲ ಶ್ ಎನ್ನುವುದನ್ನು ಅವಳಿಗೆ ಕಲಿಸಿದ್ದು ಊರೇ; ಈಗ ಊರು ಒಳಗೆ, ಅವಳು ಹೊರಗೆ. ಕಟಗೇರಿಯವರು ಕಸಿವಿಸಿಯಿಂದ, ಯಂತ್ರ ಬಂದ್ ಮಾಡುತ್ತೇನೆ ಎಂದು ಗುಂಡಿಯತ್ತ ಕೈ ಚಾಚಿದರು.

ಮಂದಾಕಿನಿ ದ್ವಾರದ ಗಾಜಿನ ಮೂಲಕ ಒಳಗೆ ಇಣುಕಿದಳು. ಗುಮ್ಮಟದ ತುಂಬ ಶನಿ ತನ್ನ ಬಳೆ ತೊಟ್ಟು ತಿರುಗುತ್ತಿತ್ತು. ಅದರ ಬೆಳಕಿನಲ್ಲಿ ಇಂಚರ ಕೈಗಳನ್ನು ಪಟಪಟನೆ ಆಡಿಸುತ್ತ, ಗಂಟಲು ಬಿಚ್ಚಿ ಗುಂಯ್‌ಗುಡುತ್ತಿದ್ದಳು. ಪಕ್ಕದಲ್ಲಿ ಮಂತ್ರಿಗಳು ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಯಾರೂ ತಿರುಗಿ ಹುಡುಗಿಯನ್ನು ನೋಡಲಿಲ್ಲ.

"ಇರಲಿ ಬಿಡ್ರಿ," ಎಂದಳು ಮಂದಾಕಿನಿ.

ಕಣ್ಣೊರೆಸಿಕೊಂಡು ರಸ್ತೆಯಾಚೆಯ ಅಂಗಡಿಗೆ ಹೋಗಿ ಒಂದು ಚಹಾ ಹೇಳಿದಳು. ಮಗಳು ಹುಟ್ಟಿದ ಮೇಲೆ ಮೊದಲ ಬಾರಿಗೆ, ಅದು ಬಿಸಿಯಿರುವಾಗಲೇ ಕುಡಿದು ಮುಗಿಸಿದಳು. ಆಮೇಲೆ ಇನ್ನೊಂದು ಹೇಳಿದಳು.